ಇಳಿಯದ ಪೆಡಲ್

ಜನವರಿ 9

ಮೈದುನನಿಗೆ,

ಕ್ಷೇಮ ಸಮಾಚಾರದಿಂದ ಶುರು ಮಾಡೋಣವೆಂದು ಕೂತೆ. ಆದರೆ ಮಾತು ಬಿಟ್ಟು ಹೋದವನ ಕ್ಷೇಮವನ್ನು ಯಾವ ಧಾಟಿಯಲ್ಲಿ ಕೇಳಬೇಕೋ ಗೊತ್ತಾಗಲಿಲ್ಲ. ಕಾಲೇಜಿನಲ್ಲಿ ಲೆಟರ್ ರೈಟಿಂಗ್ ಅಂತ ಒಂದು ಪೇಪರ್ ಇತ್ತು. ರಜೆ ಕೇಳಿ ಪ್ರಿನ್ಸಿಪಾಲರಿಗೆ, ನೌಕರಿ ಕೇಳಿ ಮ್ಯಾನೇಜರಿಗೆ, ನಲ್ಲಿ ಕೆಟ್ಟಿದೆ ಅಂತ ಮುನಿಸಿಪಾಲಿಟಿಗೆ. ಮುನಿಸಿಕೊಂಡ ಹೆಂಡತಿಯ ತಮ್ಮನಿಗೆ ಬರೆಯುವ ಮಾದರಿ ಇರಲಿಲ್ಲ. ಮೂರನೇ ವರ್ಷದ ಸಿಲಬಸ್ಸಿನಲ್ಲಿ ಇತ್ತೋ ಏನೋ. ನಾನು ಎರಡನೇ ವರ್ಷಕ್ಕೇ ಪುಸ್ತಕ ಕೆಳಗಿಟ್ಟು ಸ್ಟಿಯರಿಂಗ್ ಹಿಡಿದವನು. ಆದ್ದರಿಂದ, ಸರ್, ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್.

ನಮ್ಮ ಮೂತಿ ಲಾರಿಯ ಹಳೇ ಪೆಟ್ರೋಲ್ ಎಂಜಿನ್ ಇಳಿಸಿಬಿಟ್ಟೆ.

ಕಾಗದ ಹರಿಯಬೇಡ, ಮುಂದೆ ಓದು. ನಿನಗೂ ನನಗೂ ಜಗಳವಾದದ್ದೇ ಈ ಎಂಜಿನ್ ವಿಚಾರಕ್ಕೆ ಅನ್ನುವುದು ನನಗೂ ನೆನಪಿದೆ. ರಿಂಗ್ ಬದಲಿಸಿದರೆ ಇನ್ನೂ ಓಡುತ್ತೆ ಅಂದವನು ನೀನು. ನಿನ್ನ ಕಣ್ಣಿಗೆ ಹೊಗೆಯೂ ಕಾಣಲ್ಲ, ಹೊಗೆಗೂಡೂ ಕಾಣಲ್ಲ ಅಂದವನು ನಾನು. ಅಷ್ಟಕ್ಕೆ ನೀನು ಪಾನಾ ಪೆಟ್ಟಿಗೆ ಎತ್ತಿಕೊಂಡು ಮಗನ ಮನೆಗೆ ಬಸ್ಸು ಹತ್ತಿಬಿಟ್ಟೆ. ಮೊದಲಾದರೆ ನಿನ್ನ ಅಕ್ಕ ನಮ್ಮಿಬ್ಬರ ತಟ್ಟೆ ನಡುವೆ ತನ್ನ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ಒಬ್ಬನ ಮಾತು ಇನ್ನೊಬ್ಬನಿಗೆ ಅವಳೇ ದಾಟಿಸುತ್ತಿದ್ದಳು, ಖಾರ ತೆಗೆದು. ಈಗ ಆ ಜಾಗ ಖಾಲಿ. ಇರಲಿ.

ಎಂಜಿನ್ ಬದಲಿಸಿದ್ದು ಶೋಕಿಗಲ್ಲ. ಗುಡ್ಡದ ಮೇಲಿನ ಕ್ವಾರಿ ಇದೆಯಲ್ಲ, ಅಲ್ಲಿಂದ ಕೆಳಗಿನ ಕ್ರಷರಿಗೆ ಕಲ್ಲು ಹೊಡೆಯಲು ಏಪ್ರಿಲಿನಿಂದ ಒಂದು ಗಾಡಿ ಬೇಕಂತೆ. ನಮ್ಮ ಗುಬ್ಬಿ ಹೋಗಿ ಕೇಳಿದ್ದಾಳೆ. ಮೇಸ್ತ್ರಿ, 'ಹೆವಿ ಲೈಸೆನ್ಸ್ ಇದೆ, ಸರಿ. ಗಾಡಿ ಲೋಡು ಎಳೆಯಲಿ, ನೋಡೋಣ' ಅಂದನಂತೆ. ನಿನ್ನ ಅಕ್ಕನ ಮಗಳು ಎಷ್ಟು ಮಾಲೀಕರ ಬಾಗಿಲು ತಟ್ಟಿ ಬಂದಿದ್ದಾಳೆ ಅನ್ನುವುದು ನಿನಗೆ ಗೊತ್ತು. ಒಬ್ಬನೂ ಹೆಣ್ಣುಮಗಳನ್ನು ಸೀಟಿನ ಮೇಲೆ ಕೂರಿಸಲಿಲ್ಲ. ಅವಳಿಗೆ ಸಿಗುವ ಸೀಟು ಅಂದರೆ ಇದೊಂದೇ. ಆ ಮುದಿ ಎಂಜಿನ್ನೋ, ಖಾಲಿ ಗಾಡಿಯಲ್ಲೇ ಗುಡ್ಡ ಹತ್ತುವಾಗ ಕೆಮ್ಮುತ್ತಿತ್ತು.

ಗುಜರಿಯಲ್ಲಿ ಪಲ್ಟಿಯಾದ ಮಿನಿಬಸ್ಸಿನ ಡೀಸೆಲ್ ಎಂಜಿನ್ ಸಿಕ್ಕಿತು. ನಮ್ಮ ಗಾಡಿಗೆ ಹೋಲಿಸಿದರೆ ಹಾಲುಗಲ್ಲದ್ದು. ಈಗ ಒಂದು ಪ್ರಶ್ನೆ. ಇದರ ಬೆನ್ನಿಗೂ ನಮ್ಮ ಗೇರ್ ಬಾಕ್ಸಿನ ಮುಖಕ್ಕೂ ಬೋಲ್ಟಿನ ತೂತು ಕೂಡುತ್ತಿಲ್ಲ. ನಡುವೆ ಪ್ಲೇಟು ಮಾಡಿಸಬೇಕು. ಎಷ್ಟು ದಪ್ಪ? ನಾನು ಸ್ಟಿಯರಿಂಗ್ ಕಡೆಯವನು, ಬಾನೆಟ್ ಕಡೆ ನಿನ್ನ ಡಿಪಾರ್ಟ್‌ಮೆಂಟ್. ಬರಬೇಕೆಂದೇನೂ ಇಲ್ಲ. ಬರೆದರೆ ಸಾಕು. ಫೋನು ಬೇಡ, ನನ್ನ ಕಿವಿಗೆ ಫೋನಿನಲ್ಲಿ ಜೀರುಂಡೆ ಬಿಟ್ಟು ಬೇರೇನೂ ಕೇಳುವುದಿಲ್ಲ.

ಯುವರ್ಸ್ ಒಬಿಡಿಯಂಟ್ಲಿ (ಹಾಗೆ ಬರೆಯಬೇಕು, ಅರ್ಥ ಹಿಡಿಯಬೇಡ),
ನಿನ್ನ ಭಾವ


ಜನವರಿ 17

ಭಾವನವರಿಗೆ,

ಪ್ಲೇಟಿನ ದಪ್ಪ ನಾನು ಇಲ್ಲಿ ಕೂತು ಹೇಳುವುದಲ್ಲ. ಗೇರ್ ಬಾಕ್ಸಿನ ಶಾಫ್ಟಿನ ತುದಿ ಫ್ಲೈವೀಲಿನ ಬೇರಿಂಗಿನೊಳಗೆ ಕೂರಬೇಕು, ಆದರೆ ತಳಕ್ಕೆ ಗುದ್ದಬಾರದು. ಹಾಗೆ ಅಳೆದು ಲೇತಿನವನಿಗೆ ಕೊಡಿ. ಡೀಸೆಲ್ ಎಂಜಿನ್ ತೂಕ ಜಾಸ್ತಿ, ಮುಂದಿನ ಸ್ಪ್ರಿಂಗ್ ಪಾಟಾಕ್ಕೆ ಒಂದೊಂದು ಎಲೆ ಸೇರಿಸಿ.

ನೀವು ಕಣ್ಣಿನ ಮಾತು ಎತ್ತಿದ್ದೀರಿ. ಎರಡಕ್ಕೂ ಪೊರೆ ಬಂದಿದೆಯಂತೆ. ನೀವು ಹೇಳಿದ್ದು ನಿಜವೇ. ಆದರೆ ಹೊಗೆ ಕಾಣದಿದ್ದರೂ ಎಂಜಿನ್ ಕೇಳಿಸುತ್ತಿತ್ತು. ನಿಮಗೆ ಅದೂ ಇಲ್ಲ.

ಗುಬ್ಬಿಗೆ ಆಶೀರ್ವಾದ.

ನಿಮ್ಮ ಮೈದುನ


ಫೆಬ್ರವರಿ 20

ಮೈದುನನಿಗೆ,

ಕಂಗ್ರಾಜುಲೇಷನ್ಸ್ ಬರೆದು ಕಳಿಸು. ಎಂಜಿನ್ ಕೂತಿತು, ಸ್ಟಾರ್ಟೂ ಆಯಿತು.

ಭಾರ ಎತ್ತುವ ಚೈನ್ ಬ್ಲಾಕ್ ಮನೆಯ ಮುಂದಿನ ಮರಕ್ಕೆ ಕಟ್ಟಿದ್ದೆ. ಎಂಜಿನ್ ಗಾಳಿಯಲ್ಲಿ ತೂಗುತ್ತಿತ್ತು, ಗುಬ್ಬಿ ಕೆಳಗೆ ಮಲಗಿ, 'ಅಪ್ಪಾ ಎಡಕ್ಕೆ, ಅಪ್ಪಾ ನನ್ನ ಎಡ ಅಲ್ಲ ನಿನ್ನ ಎಡ' ಅಂತ ಕೂಗುತ್ತಿದ್ದಳಂತೆ, ನನಗೆ ಕೇಳಿಸದು. ಪಕ್ಕದ ಟೈಲರ್ ತನ್ನ ಅಂಗಡಿ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದ. ಕೊನೆಗೆ ಅವನ ಕೈ ನೋಡಿಯೇ ಇಳಿಸಿದೆ. 'ಯಜಮಾನ್ರೇ, ಪ್ಯಾಂಟಿಗೆ ಸೊಂಟ ಕೂರಿಸೋದೂ ಇದೂ ಒಂದೇ' ಅಂತಾನೆ. ಇವನ ಕೈಯಲ್ಲಿ ಹೊಲಿಸಿದ ಪ್ಯಾಂಟು ಹಾಕಿದವನಿಗೆ ಆ ಮಾತು ಕೇಳಿ ಭಯವಾಗಬೇಕು.

ಪ್ಲೇಟು ನೀನು ಹೇಳಿದ ಹಾಗೇ ಮಾಡಿಸಿದೆ. ಮಿಕ್ಕದ್ದು ಎಲ್ಲ ಸೆಲ್ಫ್ ಸ್ಟಡಿ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದಲ್ಲ, ಎಲ್ಲ ಜೋಡಿಸಿದ ಮೇಲೆ ಒಂದು ಬೋಲ್ಟೂ ಮಿಕ್ಕಲಿಲ್ಲ. ಹಳೇ ಎಂಜಿನ್ನಿಗೆ ಏನೇನು ಬಂದು ಸೇರುತ್ತಿತ್ತೋ ಅದೆಲ್ಲಕ್ಕೂ ಹೊಸದರಲ್ಲಿ ಜಾಗ ಹುಡುಕಿಕೊಟ್ಟೆ. ಬ್ರೇಕಿನ ಡಬ್ಬಿಯಿಂದ ಬರುವ ದಪ್ಪ ರಬ್ಬರ್ ಪೈಪು ಹಳೆಯದರಲ್ಲಿ ಗಾಳಿ ಎಳೆಯುವ ಕೊಳವೆಗೆ ಸಿಕ್ಕಿಸಿತ್ತಲ್ಲ, ಇಲ್ಲೂ ಅದೇ ಕೊಳವೆಗೆ ತೂತು ಕೊರೆದು ಸಿಕ್ಕಿಸಿದೆ. ಎಕ್ಸಾಕ್ಟ್ಲಿ ಸೇಮ್ ಪ್ಲೇಸ್. ಪಕ್ಕದಲ್ಲಿ ಒಂದು ಸಣ್ಣ ಎಣ್ಣೆ ತೂತು ಸುಮ್ಮನೆ ತೆರೆದುಕೊಂಡಿತ್ತು, ಬೋಲ್ಟು ಜಡಿದು ಮುಚ್ಚಿದೆ.

ಇನ್ನೊಂದು. ಎಂಜಿನ್ ಜತೆ ಅದರದೇ ಆಲ್ಟರ್ನೇಟರ್ ಕೊಡುತ್ತೇನೆ ಅಂದ ಗುಜರಿಯವನು. ಬೆನ್ನ ಮೇಲೆ ಗೂನು ಇದ್ದ ಹಾಗೆ ದಪ್ಪಗೆ ಒಂದು ಉಬ್ಬು, ಅವಲಕ್ಷಣ. ಬೇಡ ಅಂದೆ. ನೀನು ನಿನ್ನ ಕೈಯಾರೆ ತಂತಿ ಸುತ್ತಿದ ಡೈನಮೋ ಇದೆ, ಅದು ಇರುವಾಗ ಇನ್ನೊಂದು ಯಾಕೆ? ಬ್ರಾಕೆಟ್ ಬದಲಿಸಿ ಅದನ್ನೇ ಕೂರಿಸಿದ್ದೇನೆ. ಎಂಜಿನ್ ಯಾರದ್ದಾದರೂ ಆಗಲಿ, ಕರೆಂಟು ನಮ್ಮ ಮನೆಯದೇ.

ಅಂಗಳದಲ್ಲಿ ಒಂದು ಸುತ್ತು, ಕೆರೆದಾರಿಯಲ್ಲಿ ಒಂದು ಸುತ್ತು ಹೊಡೆದೆ. ಬ್ರೇಕ್ ಪೆಡಲ್ ಸ್ವಲ್ಪ ಬಿಗಿ, ಹೊಸ ಲೈನಿಂಗ್ ಹಾಕಿಸಿದ್ದೇನಲ್ಲ, ಕೂಡಿಕೊಳ್ಳುತ್ತೆ.

ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್,
ನಿನ್ನ ಭಾವ


ಫೆಬ್ರವರಿ 27

ಭಾವನವರಿಗೆ,

ನಿಮ್ಮ ಕಾಗದ ಮಗನ ಹೆಂಡತಿ ಓದಿ ಹೇಳಿದಳು. ಬ್ರೇಕಿನ ಪೈಪಿನ ಸಾಲನ್ನು ಎರಡು ಸಲ ಓದಿಸಿದೆ. ಇದನ್ನು ನಾನೇ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ, ಸಾವಧಾನವಾಗಿ ಓದಿ.

ನಮ್ಮ ಗಾಡಿಯ ಬ್ರೇಕು ಬರೀ ಕಾಲಿನ ಬಲದಿಂದ ಹಿಡಿಯುವುದಲ್ಲ. ಆ ಡಬ್ಬಿಯೊಳಗಿನ ಗಾಳಿಯನ್ನು ಎಂಜಿನ್ ಹೀರಿ ಖಾಲಿ ಮಾಡುತ್ತಿರಬೇಕು. ಆಗ ನೀವು ಒತ್ತಿದ ಕಾಲಿಗೆ ಡಬ್ಬಿಯೂ ಕೈಜೋಡಿಸುತ್ತದೆ. ಪೆಟ್ರೋಲ್ ಎಂಜಿನ್ ತನ್ನ ಗಾಳಿ ಕೊಳವೆಯಲ್ಲೇ ಹಾಗೆ ಹೀರುತ್ತದೆ. ಡೀಸೆಲ್ ಹೀರುವುದಿಲ್ಲ. ಅದರ ಕೊಳವೆ ಬಾಯಿ ತೆರೆದ ಬಾಗಿಲು. ಅದಕ್ಕೇ ಡೀಸೆಲ್ ಗಾಡಿಗಳಿಗೆ ಹೀರಲು ಬೇರೆ ಪಂಪು ಇಟ್ಟಿರುತ್ತಾರೆ. ನೀವು ಬೇಡವೆಂದ ಆಲ್ಟರ್ನೇಟರಿನ ಬೆನ್ನ ಮೇಲಿದ್ದ ಗೂನೇ ಆ ಪಂಪು. ನೀವು ಬೋಲ್ಟು ಜಡಿದ ತೂತು ಅದಕ್ಕೆ ಎಣ್ಣೆ ಹೋಗುವ ದಾರಿ.

ಈಗ ನಿಮ್ಮ ಗಾಡಿಯಲ್ಲಿ ಡಬ್ಬಿ ಸತ್ತಿದೆ. ಕೆರೆದಾರಿಯಲ್ಲಿ ಖಾಲಿ ಗಾಡಿ ನಿಲ್ಲುತ್ತದೆ. ಕಲ್ಲು ತುಂಬಿ ಗುಡ್ಡ ಇಳಿಯುವಾಗ ನಿಲ್ಲುವುದಿಲ್ಲ.

ನನ್ನ ಮಾತು ನಂಬಬೇಡಿ. ನೀವೇ ಪರೀಕ್ಷೆ ಮಾಡಿ. ಎಂಜಿನ್ ನಿಲ್ಲಿಸಿ ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಿ. ಆಮೇಲೆ ಕಾಲು ಅದರ ಮೇಲೆ ಹಾಗೇ ಒತ್ತಿಟ್ಟುಕೊಂಡು ಸ್ಟಾರ್ಟ್ ಮಾಡಿ. ಡಬ್ಬಿಗೆ ಜೀವ ಇದ್ದರೆ ಪೆಡಲ್ ಕಾಲಡಿಯಲ್ಲಿ ತಾನಾಗಿ ಕೆಳಗಿಳಿಯುತ್ತದೆ. ಇಳಿದರೆ ನಾನು ತಪ್ಪು, ಆ ಗಾಡಿಯ ವಿಚಾರದಲ್ಲಿ ಇನ್ನು ಬಾಯಿ ತೆರೆಯುವುದಿಲ್ಲ. ಇಳಿಯದಿದ್ದರೆ ಹುಡುಗಿಯನ್ನು ಗುಡ್ಡಕ್ಕೆ ಕಳಿಸಬೇಡಿ.

ಇಳಿಯಿತೋ ಇಲ್ಲವೋ, ಒಂದೇ ಮಾತು ಬರೆಯಿರಿ.

ನಿಮ್ಮ ಮೈದುನ


ಮಾರ್ಚ್ 12

ಮೈದುನನಿಗೆ,

ನಿನ್ನ ದಪ್ಪಕ್ಷರ ನೋಡಿ ಟೈಲರ್, 'ಏನು ಯಜಮಾನ್ರೇ, ಬೋರ್ಡು ಬರೆಸಿದ್ದೀರಾ' ಅಂದ. ನಿನ್ನ ಕಣ್ಣಿಗೆ ಡಾಕ್ಟರು ಏನಂದರು? ಕಣ್ಣಿನ ಹನಿ ಬಿಡುವಾಗ ತಲೆ ಹಿಂದಕ್ಕೆ ಹಾಕಿ ಬಾಯಿ ಮುಚ್ಚಿಕೊಳ್ಳಬೇಕು. ನಿನಗೆ ಎರಡನೆಯದು ಕಷ್ಟ.

ಗಾಡಿಗೆ ಬಣ್ಣ ಹೊಡೆಸಿದೆ. ಹಸಿರು ಬೇಡ ಅಂದಳು ಗುಬ್ಬಿ, ಇಟ್ಟಿಗೆ ಕೆಂಪು ಆಯಿತು. ಹಾರ್ನೂ ಹೊಸದು. ನನಗೇ ಕೇಳಿಸಿತು ಅಂದಮೇಲೆ ಸತ್ತವರಿಗೂ ಕೇಳಿಸುತ್ತೆ. ಕ್ವಾರಿಯ ಮೇಸ್ತ್ರಿ ಬಂದು ಬಾನೆಟ್ ಎತ್ತಿ ನೋಡಿದ. 'ಯಾರು ಕೂರಿಸಿದ್ದು?' ಅಂದ. ನಾನು ಅಂದೆ. 'ಒಬ್ಬರೇ?' ಅಂದ. ಒಬ್ಬನೇ ಅಂದೆ. 'ಈ ವಯಸ್ಸಲ್ಲಿ ಪರವಾಗಿಲ್ವೇ' ಅಂದ. ಅವನ ಜತೆ ಬಂದಿದ್ದ ಡ್ರೈವರುಗಳೂ ಸುತ್ತ ನಿಂತು ನೋಡಿದರು. ಡಿಗ್ನಿಟಿ ಆಫ್ ಲೇಬರ್ ಅಂತ ಒಂದು ಎಸ್ಸೆ ಬರೆದು ಕಾಲೇಜಿನಲ್ಲಿ ಸೆಕೆಂಡ್ ಪ್ರೈಜ್ ತಗೊಂಡಿದ್ದೆ. ಅದರ ಅರ್ಥ ಅವತ್ತು ಗೊತ್ತಾಯಿತು. ಫಸ್ಟ್ ಪ್ರೈಜ್ ತಗೊಂಡವನು ಈಗ ಎಲ್ಲಿದ್ದಾನೋ. ತೆಳ್ಳಗಿದ್ದ, ಮೂಗಿನಲ್ಲಿ ಮಾತಾಡುತ್ತಿದ್ದ.

ಗುಬ್ಬಿ ಈ ವಾರದಿಂದ ಅರ್ಧ ಲೋಡು ಇಳಿಸುತ್ತಿದ್ದಾಳೆ, ಟ್ರಯಲ್ಲಿಗೆ. ಫಸ್ಟ್ ಗೇರಿನಲ್ಲೇ ಇಳಿಯುತ್ತಾಳೆ. ಒಂದು ಮಾತೂ ದೂರಿಲ್ಲ. ಇಳಿಜಾರು ಅಂದರೆ ನಿನಗೆ ಮೊದಲಿಂದಲೂ ಭಯ, ಪಕ್ಕದಲ್ಲಿ ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅದನ್ನೂ ನಾವು ಗಮನಕ್ಕೆ ತೆಗೆದುಕೊಳ್ಳಬೇಕಾಗುತ್ತದೆ, ವಿತ್ ಡ್ಯೂ ರೆಸ್ಪೆಕ್ಟ್.

ಅಡುಗೆ ನಾನೇ. ನಿನ್ನೆ ಅನ್ನ ತಳ ಹಿಡಿಯಿತು. ಗುಬ್ಬಿ ಅದನ್ನೇ ಉಂಡಳು. ಈಚೆಗೆ ಬಂದ ಕೂಡಲೆ ಕಾಲು ಚಾಚಿ ಮಲಗಿಬಿಡುತ್ತಾಳೆ. ಹೊಸ ಕೆಲಸ, ಆಯಾಸ ಇರುತ್ತದೆ.

ನಿನ್ನ ಮಗನಿಗೂ ಅವನ ಹೆಂಡತಿಗೂ ನನ್ನ ಕೈಂಡ್ ರಿಗಾರ್ಡ್ಸ್.

ನಿನ್ನ ಭಾವ


ಮಾರ್ಚ್ 18

ಭಾವನವರಿಗೆ,

ನಾಲ್ಕು ಮಗ್ಗುಲು ಬರೆದಿದ್ದೀರಿ. ಬಣ್ಣ, ಹಾರ್ನು, ಅನ್ನ, ಮೂಗಿನಲ್ಲಿ ಮಾತಾಡುವವನು. ಪೆಡಲಿನ ಮಾತು ಒಂದೂ ಇಲ್ಲ.

ಇಳಿಯಿತೋ ಇಲ್ಲವೋ?

ಮೈದುನ


ಮಾರ್ಚ್ 18

ಗುಬ್ಬಿಗೆ ಮಾವನ ಆಶೀರ್ವಾದ.

ಇದನ್ನು ಮನೆಗೆ ಬರೆಯದೆ ಕ್ವಾರಿ ಆಫೀಸಿಗೆ ಬರೆದೆ ಅಂತ ಗಾಬರಿಯಾಗಬೇಡ. ಅಪ್ಪನ ಮೇಲೆ ಚಾಡಿ ಹೇಳಲು ಅಲ್ಲ. ಒಂದು ಕೇಳುತ್ತೇನೆ, ಮರೆಮಾಚದೆ ಬರೆ. ಗುಡ್ಡ ಇಳಿಯುವಾಗ ಬ್ರೇಕ್ ಪೆಡಲ್ ಹೇಗಿದೆ? ಹಳೇ ಎಂಜಿನ್ ಇದ್ದಾಗಿನ ಹಾಗೇ ಇದೆಯಾ?

ಮಾವ


ಮಾರ್ಚ್ 28

ಮಾವನಿಗೆ,

ನಿಮ್ಮ ಕಾಗದ ಗುಮಾಸ್ತರ ಮೇಜಿನಲ್ಲಿ ಬಿಲ್ಲುಗಳ ಅಡಿ ಸಿಕ್ಕಿಕೊಂಡು ನಿನ್ನೆ ಕೈಸೇರಿತು. ಮನೆಯಲ್ಲಿ ಒಬ್ಬರು ಕೇಳುವವರಿದ್ದರೆ ಹೇಳಿಬಿಡುತ್ತಿದ್ದೆ. ಅಮ್ಮ ಇದ್ದಿದ್ದರೆ ನಾನು ಹೇಳುವ ಮೊದಲೇ ಕಾಲು ನೋಡಿ ಕೇಳುತ್ತಿದ್ದಳು.

ಪೆಡಲ್ ಕಲ್ಲು. ಹಳೇ ಎಂಜಿನ್ ಇದ್ದಾಗ ಪಾದ ಇಟ್ಟರೆ ಸಾಕಿತ್ತು. ಈಗ ಒಂದು ಕಾಲಿಗೆ ಆಗುವುದಿಲ್ಲ, ಎರಡನೇ ತಿರುವು ಬಂದಾಗ ಕ್ಲಚ್ಚಿನ ಕಾಲನ್ನೂ ತಂದು ಎರಡೂ ಸೇರಿಸಿ ಒತ್ತುತ್ತೇನೆ, ಸೀಟಿಗೆ ಬೆನ್ನು ಕೊಟ್ಟು. ಮನೆಗೆ ಬರುವಷ್ಟರಲ್ಲಿ ಮೀನಖಂಡ ಗಂಟು ಬಿದ್ದಿರುತ್ತದೆ. ಅಪ್ಪನಿಗೆ ಒಂದು ಸಲ, ಪೆಡಲ್ ಬಿಗಿ ಅಂದೆ. 'ಹೊಸ ಲೈನಿಂಗ್, ಕಾಲಿಗೆ ಅಭ್ಯಾಸ ಆಗಬೇಕು' ಅಂದ. ಆದ್ದರಿಂದ ಅಭ್ಯಾಸ ಮಾಡುತ್ತಿದ್ದೇನೆ. ಊಟದ ಬಿಡುವಿನಲ್ಲಿ ಗೋಡೆಗೆ ಪಾದ ಕೊಟ್ಟು ಒತ್ತುವುದು, ಎತ್ತರದ ಕಲ್ಲಿನ ಮೇಲೆ ಒಂದೇ ಕಾಲಲ್ಲಿ ಹತ್ತಿ ಇಳಿಯುವುದು. ಲೋಡರುಗಳು, 'ಏನಮ್ಮಾ, ಪೊಲೀಸಿಗೆ ಸೇರ್ತೀಯಾ' ಅಂತ ನಗುತ್ತಾರೆ.

ಮೊನ್ನೆ ಮೂರನೇ ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ನಿಲ್ಲಿಸಿದೆ ಅಂದುಕೊಂಡ ಜಾಗದಲ್ಲಿ ನಿಲ್ಲಲಿಲ್ಲ. ಟ್ರ್ಯಾಕ್ಟರಿನವನು ಚರಂಡಿಗೆ ಇಳಿಸಿಕೊಂಡು ಬೈದ. ಅವತ್ತಿನಿಂದ ಆ ತಿರುವು ಬರುವ ಮುಂಚೆ ಬಾಯಿ ಒಣಗುತ್ತದೆ.

ಇದನ್ನು ಅಪ್ಪನಿಗೆ ಹೇಳಬೇಡಿ ಮಾವ. ಹೇಳಿದರೆ ಹೆಣ್ಣುಮಗಳ ಕಾಲಿಗೆ ಆಗುವ ಕೆಲಸ ಅಲ್ಲ ಅಂತ ಸಂಬಳದ ಡ್ರೈವರನ್ನು ಇಡುತ್ತಾನೆ. ಆಮೇಲೆ ನಾನು ಸ್ಟಿಯರಿಂಗ್ ಮುಟ್ಟುವುದು ಗಾಡಿ ಒರೆಸುವಾಗ ಮಾತ್ರ. ಸೋಮವಾರದಿಂದ ಪೂರ್ತಿ ಲೋಡು. ಅಷ್ಟರಲ್ಲಿ ಕಾಲು ಗಟ್ಟಿಯಾಗಬಹುದು.

ನಿಮ್ಮ ಕಣ್ಣು ಹೇಗಿದೆ? ಅತ್ತಿಗೆಗೆ ಕೇಳಿದೆ ಅಂತ ಹೇಳಿ.

ನಿಮ್ಮ ಗುಬ್ಬಿ


ಏಪ್ರಿಲ್ 3

ಮೈದುನನಿಗೆ,

ಸೋಮವಾರ ನೀನು ಟೈಲರ್ ಅಂಗಡಿಗೆ ಫೋನು ಮಾಡಿ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ. ಟೈಲರ್ ರಿಸೀವರ್ ಕಿವಿಗೆ ಹಿಡಿದು ನನ್ನ ಕಿವಿಯ ಹತ್ತಿರ ಬಾಯಿಟ್ಟು ಒಂದೊಂದೇ ಮಾತು ಒಪ್ಪಿಸಿದ. 'ಗುಬ್ಬಿಯ ಕಾಗದ ಈಗ ಬಂತಂತೆ. ಎರಡೂ ಕಾಲು ಸೇರಿಸಿ ಒತ್ತುತ್ತಾಳಂತೆ. ತನ್ನ ಕಾಲಿಗೆ ಶಕ್ತಿ ಇಲ್ಲ ಅಂದುಕೊಂಡಿದ್ದಾಳಂತೆ. ಗೋಡೆಗೆ ಕಾಲು ಕೊಟ್ಟು ಅಭ್ಯಾಸ ಮಾಡ್ತಾಳಂತೆ.' ಅಷ್ಟು ಹೇಳಿ ಟೈಲರ್ ತನ್ನ ಮೊಪೆಡ್ಡಿನ ಕೀಲಿ ಎತ್ತಿಕೊಂಡ. ನೀನು ಇನ್ನೂ ಏನೋ ಹೇಳುತ್ತಿದ್ದೆ, ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವನ ಮೊಪೆಡ್ಡಿನಲ್ಲಿ ಹೊರಟೆವು. ಗುಡ್ಡದ ದಾರಿ ತುಂಬ ಧೂಳು. ಪ್ರತಿ ತಿರುವಿನಲ್ಲೂ ಕೆಳಗೆ ಬಗ್ಗಿ ನೋಡುತ್ತಿದ್ದೆ, ಇಟ್ಟಿಗೆ ಕೆಂಪು ಏನಾದರೂ ಕಾಣುತ್ತದಾ ಅಂತ. ಮೂರನೇ ತಿರುವಿನ ಕೆಳಗೆ ಒಂದು ಕೆಂಪು ಕಂಡಿತು. ಮೊಪೆಡ್ ನಿಲ್ಲಿಸು ಅಂದೆ. ಯಾರೋ ಒಣಗಲು ಹಾಕಿದ ಸೀರೆ.

ಮೇಲೆ ಹೋದರೆ ಗಾಡಿ ಅಲ್ಲೇ ಇತ್ತು, ಕಲ್ಲು ತುಂಬಿಕೊಂಡು, ಇಳಿಜಾರಿನ ಬಾಯಿಯಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು. ನನಗಿಂತ ಮೊದಲೇ ನೀನು ಕ್ವಾರಿ ಆಫೀಸಿಗೂ ಫೋನು ಮಾಡಿದ್ದೆಯಂತೆ. ಗುಮಾಸ್ತ ಕಿಟಕಿಯಿಂದ ಅವಳಿಗೆ ಕೂಗಿ ಹೇಳಿದ್ದಾನೆ, ನಿಲ್ಲಿಸು, ಒತ್ತು, ಒತ್ತಿಕೊಂಡೇ ಸ್ಟಾರ್ಟ್ ಮಾಡು ಅಂತ. ಅವಳು ಮಾಡಿ ನೋಡಿದ್ದಾಳೆ. ಕೂದಲೆಳೆಯಷ್ಟೂ ಇಳಿಯಲಿಲ್ಲವಂತೆ. ಕೀಲಿ ತೆಗೆದುಕೊಂಡು ಕೆಳಗಿಳಿದು ನಿಂತುಬಿಟ್ಟಿದ್ದಾಳೆ.

ಸುತ್ತ ಜನ. ಅವತ್ತು ನನ್ನ ಬಾನೆಟ್ ಸುತ್ತ ನಿಂತಿದ್ದವರೇ. ಅವರ ಮಾತನ್ನು ಟೈಲರ್ ನನ್ನ ಕಿವಿಗೆ ದಾಟಿಸುತ್ತಿದ್ದ. ಒಬ್ಬ, 'ಸೈಕಲ್ ಬ್ರೇಕ್ ಹಾಕಿಸ್ಕೊಳ್ಳಮ್ಮಾ' ಅಂದ. ಇನ್ನೊಬ್ಬ ಉದ್ದನೆಯ ಡ್ರೈವರು ಆಗಲೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, 'ಕೀಲಿ ಕೊಡಿ ಇಲ್ಲಿ, ಗಂಡಸಿನ ಕಾಲು ಬಿದ್ರೆ ತಾನಾಗಿ ನಿಲ್ಲುತ್ತೆ' ಅನ್ನುತ್ತಿದ್ದ. ಮೇಸ್ತ್ರಿ ನನ್ನನ್ನು ನೋಡಿ, 'ಹುಡುಗಿಗೆ ಕಾಲು ಸೋತಿದೆ ಯಜಮಾನ್ರೇ. ನಿಮ್ಮ ಕೆಲಸ ಚೆನ್ನಾಗೇ ಇದೆ. ಇವನು ಇಳಿಸಿ ಬರಲಿ ಬಿಡಿ' ಅಂದ. ಗುಬ್ಬಿ ಕೀಲಿ ಮುಷ್ಟಿಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

ನಾನು ಹೇಳಿದೆ, 'ಯಾರೂ ಹತ್ತಬೇಡಿ. ಈ ಗಾಡಿಗೆ ಬ್ರೇಕಿಲ್ಲ. ನಾನು ತಪ್ಪು ಕೂರಿಸಿದ್ದೀನಿ. ಅವಳ ಕಾಲಿನದಲ್ಲ.' ಕಿವುಡನಾದ್ದರಿಂದ ನಾನು ಮೆಲ್ಲಗೆ ಹೇಳಿದೆ ಅಂದುಕೊಂಡದ್ದು ಕ್ವಾರಿಯ ಆ ತುದಿಗೂ ಕೇಳಿಸಿತಂತೆ. ಕಲ್ಲು ಒಡೆಯುವವರೂ ಸುತ್ತಿಗೆ ಇಳಿಸಿದರು. ಉದ್ದನೆಯವನು ಕಾಲು ಕೆಳಗಿಟ್ಟ.

ಗುಬ್ಬಿ ಹತ್ತಿರ ಬಂದು ಕೇಳಿದಳು. 'ನಿಂಗೆ ಗೊತ್ತಿತ್ತಾ?'

'ನೋಡಿರಲಿಲ್ಲ' ಅಂದೆ.

'ಮಾವ ಹೇಳಿದ್ರಾ?'

'ಹೇಳಿದ್ದ.'

ಅವಳು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂದಕ್ಕೆ ಹೋಗಿ ಗಾಡಿಯಿಂದ ಕಲ್ಲು ಇಳಿಸತೊಡಗಿದಳು. ನಾನೂ ಹೋದೆ. ನಾನು ನಿಂತ ಕಡೆಯಿಂದ ಅವಳು ಇನ್ನೊಂದು ಮಗ್ಗುಲಿಗೆ ಹೋದಳು. ಲೋಡರುಗಳು ಸ್ವಲ್ಪ ಹೊತ್ತು ನೋಡಿ, ಬೀಡಿ ಎಸೆದು ಅವರೂ ಬಂದರು.

ನೀನು ಕೇಳಿದ್ದೆಯಲ್ಲ, ಇಳಿಯಿತೋ ಇಲ್ಲವೋ ಅಂತ. ನಾನು ಆ ಪರೀಕ್ಷೆ ಮಾಡಲೇ ಇಲ್ಲ ಮಹರಾಯ. ಗಾಡಿ ಹತ್ತಿ ಕೂತೆ, ಪೆಡಲ್ ಗಟ್ಟಿಯಾಗುವ ತನಕ ಒತ್ತಿದೆ, ಕೀಲಿ ತಿರುಗಿಸುವ ಮೊದಲು ಇಳಿದು ಬಂದೆ. ಹಾಗೆ ಒಂದು ಸಲ ಅಲ್ಲ. ಇಳಿಯದಿದ್ದರೆ ಒಬ್ಬನೇ ಮಾಡಿದೆ ಅಂದವನ ಮಾನ ಏನಾಗಬೇಕು? ಇಳಿದರೆ ನೀನು ಈ ಗಾಡಿಯ ವಿಚಾರದಲ್ಲಿ ಬಾಯಿ ತೆರೆಯುವುದಿಲ್ಲ ಅಂತ ಬರೆದಿದ್ದೆ. ಗಾಡಿ ಬಿಟ್ಟರೆ ನಿನಗೂ ನನಗೂ ಮಾತಾಡಲು ಇನ್ನೇನಿದೆ? ಎರಡು ದಾರಿಯೂ ನನಗೆ ಬೇಡವಾಗಿತ್ತು. ನಡುವೆ ಆ ಹುಡುಗಿ ದಿನಾ ಗುಡ್ಡ ಇಳಿಯುತ್ತಿದ್ದಳು.

ಮೇಸ್ತ್ರಿ ತಿಂಗಳ ಕೊನೆಯ ತನಕ ಗಡುವು ಕೊಟ್ಟಿದ್ದಾನೆ. ಆಮೇಲೆ ಬೇರೆ ಗಾಡಿ ಗೊತ್ತು ಮಾಡುತ್ತಾನಂತೆ. ಮನೆಯಲ್ಲಿ ಗುಬ್ಬಿ ಹೊಸಿಲ ಮೇಲೆ ಕೂತು ಉಣ್ಣುತ್ತಾಳೆ, ನನಗೆ ಬೆನ್ನು ಹಾಕಿ.

ಏನು ಮಾಡಬೇಕು, ಹೇಳು.

ಭಾವ


ಏಪ್ರಿಲ್ 8

ಭಾವನವರಿಗೆ,

ನಾಳಿದ್ದು ಒಂದು ಕಣ್ಣಿನ ಆಪರೇಷನ್. ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಬರಲಾರೆ. ಅದು ನೆಪ ಅಲ್ಲ.

ಗಾಡಿಯನ್ನು ಕೆಳಗಿಳಿಸುವ ಸಾಹಸ ಬೇಡ, ಮೇಲೆಯೇ ಇರಲಿ. ಗುಜರಿಯವನ ಹತ್ತಿರ ಆ ಗೂನುಬೆನ್ನಿನ ಆಲ್ಟರ್ನೇಟರ್ ಇನ್ನೂ ಇದ್ದರೆ ತನ್ನಿ, ಮಾರಿದ್ದರೆ ಅದೇ ಎಂಜಿನ್ನಿನ ಇನ್ನೊಂದನ್ನು ಹುಡುಕಿಸಿ. ನನ್ನ ಡೈನಮೋ ಬಿಚ್ಚಿ ಪಕ್ಕಕ್ಕಿಡಿ. ಅದರ ಮೇಲೆ ನಿಮಗೆ ಅಷ್ಟು ಪ್ರೀತಿ ಇದೆ ಅಂತ ಮೊದಲೇ ಗೊತ್ತಿದ್ದರೆ ಸುತ್ತುತ್ತಲೇ ಇರಲಿಲ್ಲ. ಬೋಲ್ಟು ಜಡಿದ ತೂತು ಬಿಚ್ಚಿ ಪಂಪಿಗೆ ಎಣ್ಣೆ ಕೊಳವೆ ಕೊಡಿ. ಬ್ರೇಕಿನ ಪೈಪು ಪಂಪಿನ ಬಾಯಿಗೆ. ಗಾಳಿ ಕೊಳವೆಗೆ ಕೊರೆದ ತೂತು ಮುಚ್ಚಿಸಿ, ಧೂಳು ಎಳೆದುಕೊಳ್ಳುತ್ತದೆ.

ಇದನ್ನೆಲ್ಲ ಗುಬ್ಬಿ ಮಾಡಬೇಕು. ನೀವು ಪಾನಾ ಮುಟ್ಟಬೇಡಿ. ಆ ಗಾಡಿಯ ವಿಚಾರದಲ್ಲಿ ನೀವೂ ನಾನೂ ಆಡಿದ್ದು ಸಾಕು. ಬ್ರೇಕು ಒತ್ತುವವಳು ಅವಳು, ಕೈ ಅವಳದೇ ಇರಲಿ. ಈ ಕಾಗದವನ್ನು ಅವಳ ಕೈಗೇ ಕೊಡಿ.

ಮೈದುನ


ಏಪ್ರಿಲ್ 26

ಮಾವನಿಗೆ,

ಕಣ್ಣಿಗೆ ಪಟ್ಟಿ ಇರುವಾಗ ಇದನ್ನು ಅತ್ತಿಗೆ ಓದುತ್ತಾರೆ ಅಂತ ಗೊತ್ತು. ಅತ್ತಿಗೆ, ನಡುನಡುವೆ ನಿಲ್ಲಿಸಬೇಡಿ, ಮಾವನಿಗೆ ತಡೆಯಲು ಆಗುವುದಿಲ್ಲ.

ಆಲ್ಟರ್ನೇಟರ್ ಮಾರಿಹೋಗಿತ್ತು. ಗುಜರಿಯವನು ಬೇರೆ ಊರಿನಿಂದ ತರಿಸಿಕೊಟ್ಟ. ಪಂಪು ಕೂರಿಸಲು ಇಡೀ ಭಾನುವಾರ ಹಿಡಿಯಿತು. ಅಪ್ಪ ದೂರದಲ್ಲಿ ಒಂದು ಬಂಡೆ ಮೇಲೆ ಕೂತಿದ್ದ, ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು. ಕೈ ಹೊರಗಿದ್ದರೆ ತಾನಾಗಿ ಪಾನಾ ಹಿಡಿಯುತ್ತೆ ಅಂದ. ಎಣ್ಣೆ ಕೊಳವೆಯ ನಟ್ಟು ಸಿಗದೆ ನಾನು ತಡಕುತ್ತಿದ್ದಾಗ ಬಾಯಿ ತೆರೆದ, ನಾನು ನೋಡಿದೆ, ಮುಚ್ಚಿದ. ನನಗೆ ನಗು ಬಂತು, ಆದರೆ ತೋರಿಸಲಿಲ್ಲ. ಇನ್ನೂ ಸಿಟ್ಟಿತ್ತು ಮಾವ. ಈಗಲೂ ಇದೆ. ನಿಮ್ಮ ಮೇಲೂ ಸ್ವಲ್ಪ ಇದೆ. ಫೆಬ್ರವರಿಯಲ್ಲೇ ನನಗೆ ಒಂದು ಸಾಲು ಬರೆದಿದ್ದರೆ ಆಗುತ್ತಿರಲಿಲ್ಲವೇ? ಗಂಡಸರಿಬ್ಬರ ನಡುವೆ ಇತ್ಯರ್ಥವಾಗುವ ತನಕ ನಾನು ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದೆ.

ಎಲ್ಲ ಆದಮೇಲೆ ನಾನು ಹತ್ತಿ ಕೂತು ಒತ್ತಿ ಹಿಡಿದು ಕೀಲಿ ತಿರುಗಿಸಿದೆ. ಎಂಜಿನ್ ಹಿಡಿಯಿತು. ಯಾರೋ ಕೆಳಗಿನಿಂದ ಕೈ ಹಿಡಿದು ಎಳೆದ ಹಾಗೆ ಪೆಡಲ್ ಇಳಿಯಿತು. ಅಪ್ಪ ಬಂಡೆ ಮೇಲಿಂದಲೇ ನನ್ನ ಮುಖ ನೋಡಿ ಎದ್ದು ನಿಂತ.

ಖಾಲಿ, ಕಾಲು, ಅರ್ಧ, ಹಾಗೆ ಹೆಚ್ಚಿಸುತ್ತ ಇಳಿಸಿದೆ. ಇವತ್ತು ಪೂರ್ತಿ ಲೋಡು. ಕಲ್ಲು ತುಂಬುತ್ತಿದ್ದಾಗ ಅಪ್ಪ ಟೈಲರ್ ಮೊಪೆಡ್ಡಿನಲ್ಲಿ ಬಂದಿಳಿದ. ಒಗೆದ ಅಂಗಿ ಹಾಕಿಕೊಂಡಿದ್ದ. 'ಮೇ ಐ ಕಮ್ ಇನ್' ಅಂತ ಬಾಗಿಲ ಹತ್ತಿರ ನಿಂತ. 'ಹೆದರಿಕೆ ಆಗಲ್ವಾ' ಅಂದೆ. ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದನೋ, ಹತ್ತಿ ಕೂತ. ಅವತ್ತು ಕೀಲಿ ಕೇಳಿದ್ದ ಉದ್ದನೆಯ ಡ್ರೈವರು ತನ್ನ ಗಾಡಿ ಪಕ್ಕಕ್ಕೆ ತೆಗೆದುಕೊಂಡು ದಾರಿ ಬಿಟ್ಟ.

ಮೊದಲನೇ ತಿರುವು ಸುಮ್ಮನೆ ಆಯಿತು. ಎರಡನೆಯದರಲ್ಲಿ ಹಿಂದಿನ ಕಲ್ಲು ಗಡಗಡ ಅಂತ ಮುಂದಕ್ಕೆ ಸರಿಯಿತು, ಗಾಡಿ ಭಾರ ಪೂರ್ತಿ ಬೆನ್ನಿಗೆ ಬಂದ ಹಾಗಾಯಿತು. ಬಾಯಿ ಒಣಗುವುದು ಇನ್ನೂ ಬಿಟ್ಟಿಲ್ಲ. ಮೂರನೆಯದು ಕಂಡಿತು. ಅಲ್ಲಿಂದ ಕೆಳಗೆ ಏನೂ ಇಲ್ಲ, ಗೊತ್ತಲ್ಲ ನಿಮಗೆ, ಬರೀ ಆಕಾಶ. ಪಾದ ಇಟ್ಟೆ. ಒಂದೇ ಪಾದ. ಗಾಡಿ ನಿಧಾನ ಆಯಿತು, ಇನ್ನೂ ನಿಧಾನ ಆಯಿತು, ನಾನು ಹೇಳಿದ ಜಾಗದಲ್ಲಿ ನಿಂತಿತು. ನಿಲ್ಲಿಸುವ ಅಗತ್ಯ ಇರಲಿಲ್ಲ, ಎದುರಿಗೆ ಯಾರೂ ಇರಲಿಲ್ಲ. ಸುಮ್ಮನೆ ನಿಲ್ಲಿಸಿ ನೋಡಿದೆ.

ಪಕ್ಕಕ್ಕೆ ತಿರುಗಿದರೆ ಅಪ್ಪ ಎರಡೂ ಕಾಲು ನೆಲದ ತಗಡಿಗೆ ಒತ್ತಿ ಹಿಡಿದು ಕೂತಿದ್ದ. ಅಲ್ಲಿ ಪೆಡಲ್ಲೇ ಇಲ್ಲ. ಕತ್ತಿನ ನರ ಉಬ್ಬಿತ್ತು. ಮೇಲಿನಿಂದ ಇಲ್ಲಿಯವರೆಗೂ ಹಾಗೇ ಒತ್ತಿಕೊಂಡು ಬಂದಿರಬೇಕು.

ನಾನು ಅವನ ಮೊಣಕಾಲು ಮುಟ್ಟಿ, ಕಿವಿಯ ಹತ್ತಿರ ಹೇಳಿದೆ. 'ಅಪ್ಪಾ, ಕಾಲು ತೆಗಿ. ನಾನು ಹಿಡಿದಿದ್ದೀನಿ.'

ಒಂದು ತೆಗೆದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನೂ ತೆಗೆದ. ಆಮೇಲೆ ನಾನು ಗಾಡಿ ಮುಂದಕ್ಕೆ ಬಿಟ್ಟೆ.

ನಿಮ್ಮ ಸೊಸೆ,
ಗುಬ್ಬಿ